ಬನ್ನಿಗಿಡ ಕಾಣುತ್ತಿತ್ತು

ಅತ್ತೆ, ಅಂದು ಗುಡ್ಡದ ಮೇಲಿಂದ ಬನ್ನಿಗಿಡ ಕಾಣುತ್ತಿತ್ತು. ಕಾಣುವುದಿಲ್ಲವೆಂದು ನಾನು ಸುಳ್ಳು ಹೇಳಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಡ್ಯಾಮಿನ ಹಿನ್ನೀರು ಬಂದು ಊರು ಮುಳುಗಿತು. ನಾವು ಹುನಗುಂದಕ್ಕೆ ಬಂದು ಬಾಡಿಗೆ ಮನೆ ಹಿಡಿದೆವು. ಹೊಲದ ದಿಬ್ಬದ ಮೇಲೆ, ಬನ್ನಿಗಿಡದ ಬುಡದಲ್ಲಿ ಮಾವನವರ ಸಮಾಧಿ ಇತ್ತು. ಪ್ರತಿ ಅಮಾವಾಸ್ಯೆ ನೀವು ಅಲ್ಲಿಗೆ ಎಡೆ ಒಯ್ಯುತ್ತಿದ್ದಿರಿ. ನಿಮ್ಮನ್ನೂ ಅವರ ಮಗ್ಗುಲಲ್ಲೇ ಮಣ್ಣು ಮಾಡಬೇಕೆಂದು ಎಲ್ಲರಿಗೂ ಹೇಳಿಟ್ಟಿದ್ದಿರಿ. ದಿಬ್ಬ ಉಳಿದಿದೆಯೋ ಇಲ್ಲವೋ ನೋಡಿ ಬರೋಣವೆಂದು ಒಂದು ಅಮಾವಾಸ್ಯೆ ನನ್ನನ್ನು ಕರೆದುಕೊಂಡು ಹೊರಟಿರಿ. ಎಡೆಯ ಗಂಟನ್ನೂ ಕಟ್ಟಿಕೊಂಡಿರಿ — ಉಳಿದಿದ್ದರೆ ಬೇಕಲ್ಲ. ಆಗಲೇ ನಿಮ್ಮ ಕಣ್ಣಿಗೆ ಪೊರೆ ಬಂದಿತ್ತು, ಎದುರಿಗೆ ಬಂದವರನ್ನು ದನಿಯಿಂದಲೇ ಗುರುತಿಸುತ್ತಿದ್ದಿರಿ.

ಬಸ್ಸಿಳಿದು ಗುಡ್ಡ ಏರಿದೆವು. ಕಲ್ಲು, ಕಳ್ಳಿ, ಬಿಸಿಲು. ದಾರಿಯುದ್ದಕ್ಕೂ ನನ್ನ ಹೆಗಲ ಮೇಲೆ ನಿಮ್ಮ ಕೈ. ನೆತ್ತಿಗೆ ಬಂದಾಗ — ಅಷ್ಟು ನೀರನ್ನು ನಾನು ಅದುವರೆಗೆ ನೋಡಿರಲಿಲ್ಲ. ಗೊತ್ತಿದ್ದ ಹೊಲಗಳ ಮೇಲೆಲ್ಲ ನೀರು, ನಡುವೆ ಅಲ್ಲಲ್ಲಿ ದಿಬ್ಬಗಳು ನಡುಗಡ್ಡೆಗಳಾಗಿ ಉಳಿದಿದ್ದವು. ಚಂದವೇ ಇತ್ತು, ಈಗಲೂ ಸುಳ್ಳೇಕೆ ಹೇಳಲಿ. ದಂಡೆಗೆ ಹತ್ತಿರದ ದಿಬ್ಬದ ಮೇಲೆ ನಮ್ಮ ಬನ್ನಿಗಿಡ ನಿಂತಿತ್ತು. ಅದರಾಚೆ ಯಾರೋ ತೆಪ್ಪದಲ್ಲಿ ಹೊರಟಿದ್ದರು.

“ಬನ್ನಿಗಿಡ ಕಾಣತೈತೇನವಾ?” ಎಂದಿರಿ.

“ಇಲ್ರಿ ಅತ್ತಿ. ಎಲ್ಲಾ ನೀರಾಗ ಹೋಗೇತ್ರಿ.”

ತೆಪ್ಪ ಕಂಡಿದ್ದಕ್ಕೇ ಹಾಗೆಂದೆ. ಇದೆ ಎಂದರೆ ಪ್ರತಿ ಅಮಾವಾಸ್ಯೆ ಬಸ್ಸು, ಈ ದಾರಿ, ಆ ತೆಪ್ಪ — ನಿಮ್ಮ ಕೈ ಹಿಡಿದು ಹೋಗಬೇಕಾದವಳು ನಾನೇ. ನೀರಿಗೆ ಹೆದರಿದೆನೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಇರಲಿಲ್ಲ. ಬೇಸರವಾಗಿತ್ತು, ಅಷ್ಟೇ.

ನೀವು ಮನೆಗೆ ಬಂದು ನಿಮ್ಮ ಮಗನಿಗೆ, “ಆ ಹೊಲದ ಮಾತು ಇನ್ನ ಸಾಕಪಾ. ನಾ ಹೋದರ ಇಲ್ಲೇ ಎಲ್ಲೆರ ಇಡ್ರಿ” ಎಂದಿರಿ. ಹಾಗೆಯೇ ಮಾಡಿದೆವು. ಹುನಗುಂದದ ರುದ್ರಭೂಮಿಯಲ್ಲಿ, ಗುರುತಿಲ್ಲದವರ ನಡುವೆ ಇದ್ದೀರಿ. ನಿಮ್ಮನ್ನು ಮನೆಯಿಂದ ಎತ್ತುವಾಗಲಾದರೂ ನಾನು ಬಾಯಿ ಬಿಟ್ಟಿದ್ದರೆ — ಬೇಸಿಗೆ, ನೀರೂ ಇಳಿದಿತ್ತು, ದಿಬ್ಬಕ್ಕೇ ಒಯ್ಯಬಹುದಿತ್ತು. ಬಿಡಲಿಲ್ಲ. ನಿಮ್ಮ ಮಗನಿಗೆ ಇಂದಿಗೂ ಗೊತ್ತಿಲ್ಲ.

ಇನ್ನೊಂದು ಉಳಿದಿದೆ. ನಾನು ಆ ಮಾತು ಹೇಳಿದ ಮೇಲೆ ನೀವು ಕಲ್ಲಿನ ಮೇಲೆ ಕುಳಿತಿರಿ. ನೀರಿನ ಕಡೆಗೇ ಮುಖ ಮಾಡಿಕೊಂಡು ಎಡೆಯ ಗಂಟು ಬಿಚ್ಚಿ, ಮಾವನವರ ಪಾಲಿನ ಹೋಳಿಗೆಯನ್ನು ನನ್ನ ಕೈಗಿಟ್ಟಿರಿ.

“ನೀನರ ತಿನ್ನವಾ. ಹಸದಿರಬೇಕು. ಸುಮ್ಮನ ದಣಸಿದೆ ನಿನ್ನ.”

ತಿಂದೆ, ಅತ್ತೆ. ಬನ್ನಿಗಿಡವನ್ನು ನೋಡುತ್ತಲೇ ತಿಂದೆ.