ತಾಯಂದಿರ ಕಾಲಂ

ನಾವು ಬಂದು ನೆಲೆಸಿದ ಈ ಪರದೇಶದ ಊರು ತಕಾನಿನಿಯಲ್ಲಿ ನಮ್ಮ ಮನೆಯ ಪಕ್ಕಕ್ಕೆ ಹೊಸ ಮನೆಯೊಂದು ಏಳುತ್ತಿದೆ. ಇವತ್ತು ಬೆಳಿಗ್ಗೆ ಹಲಗೆ ಕೊಯ್ದ ಹಸಿ ವಾಸನೆ ಅಡುಗೆಮನೆಯವರೆಗೆ ಬಂತು ನೋಡಿ, ತೆಂಬಾ ನೆನಪಾದ. ಏಳೆಂಟು ವರ್ಷದ ಹಿಂದೆ ನಮ್ಮ ಮನೆ ಕಟ್ಟಿದ ಬಡಗಿ, ದಕ್ಷಿಣ ಆಫ್ರಿಕಾದ ಜುಲು ಜನಾಂಗದವನು. ಕೆಲಸ ಮುಗಿದ ಮೇಲೂ ಭಾನುವಾರ ಚಹಾಕ್ಕೆ ಬರುತ್ತಿದ್ದ. ನನ್ನ ಮೇಲಿನ ಪ್ರೀತಿಯಿಂದ ಎಂದುಕೊಂಡಿದ್ದೆ. ಹೆಂಡತಿಯ ಒಗ್ಗರಣೆ ಚುರಮುರಿಗೆ ಎಂದು ಆಮೇಲೆ ತಿಳಿಯಿತು.

ಬ್ರಿಟಿಷರು ಜುಲು ರಾಜನನ್ನು ಸೋಲಿಸಿ, ರಾಜ್ಯವನ್ನು ಹದಿಮೂರು ತುಂಡು ಮಾಡಿ ಹಂಚಿದ ಕಥೆಯನ್ನು ಅವನೇ ಹೇಳಿದ್ದು. ಮುಂದೆ ರಾಜನ ಮಗನನ್ನು ಸೇಂಟ್ ಹೆಲೆನಾ ದ್ವೀಪಕ್ಕೆ ಅಟ್ಟಿದರು. ಮೊಮ್ಮಗನನ್ನು ಜನ ರಾಜ ಎಂದರೂ ಸರ್ಕಾರ ಬರೀ ಒಂದು ಪಂಗಡದ ಮುಖ್ಯಸ್ಥ ಎಂದಿತು. ಗಾದಿ ಯಾರದೆಂದು ಹೇಳುವ ಹಕ್ಕು ಮನೆತನದಿಂದ ಸರ್ಕಾರಿ ಕಚೇರಿಗೆ ಹೋಯಿತು. ಊರ ಮುಖ್ಯಸ್ಥರದೂ ಅದೇ ಪಾಡು. ತೆಂಬಾನ ಮುತ್ತಜ್ಜ ಅಂಥ ಮುಖ್ಯಸ್ಥ, ಹಲವು ಹೆಂಡಿರು. ಅವರ ಪದ್ಧತಿಯಲ್ಲಿ ಪಟ್ಟದ ಹೆಂಡತಿಯ ಮಗ ವಯಸ್ಸಿನಲ್ಲಿ ಕಿರಿಯನಾದರೂ ಗಾದಿ ಅವನದೇ. ಮ್ಯಾಜಿಸ್ಟ್ರೇಟ್ ಬಂದವನು ಹಿರಿಯ ಮಗ ಯಾರೆಂದಷ್ಟೇ ಕೇಳಿ ಬರೆದುಕೊಂಡು ಹೋದ. ಗಾದಿ ಬೇರೆ ಹೆಂಡತಿಯ ಮಗನ ಪಾಲಾಯಿತು. ತೆಂಬಾನದು ಆ ಪಟ್ಟದ ಹೆಂಡತಿಯ ವಂಶ.

ಗಾದಿ ತಮ್ಮದೆಂದು ಅಲ್ಲಿನ ಈಗಿನ ಸರ್ಕಾರಕ್ಕೆ ಅರ್ಜಿ ಹಾಕಬಹುದಿತ್ತು. ಊರಲ್ಲಿದ್ದ ಅವನ ಮುದಿ ತಂದೆಗೆ ಕಣ್ಣು ಮುಚ್ಚುವುದರೊಳಗೆ ನ್ಯಾಯ ನೋಡುವ ಹಟ. ವಂಶಾವಳಿ ಬರೆದುಕೊಡು ಎಂದು ತೆಂಬಾ ನನ್ನನ್ನು ಕೇಳಿದ. ನಾನೋ ಕಚೇರಿಯ ಮನುಷ್ಯ. ಕನ್ಯೆ ನೋಡಲು ಹೋದಾಗಲೂ ಕೋಷ್ಟಕ ಹಾಕಿದ್ದೆನೆಂದು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಗಂಡುಮಕ್ಕಳನ್ನು ಹುಟ್ಟಿದ ಕ್ರಮದಲ್ಲಿ ಜೋಡಿಸಿ, ಒಂದೇ ಹಾಳೆಯಲ್ಲಿ ಕೂಡಿಸಿ, ಹೆಮ್ಮೆಯಿಂದ ಮುಂದಿಟ್ಟೆ.

ತೆಂಬಾ ಹೆಸರುಗಳ ಮೇಲೆ ಬೆರಳಾಡಿಸಿದ. "ತಾಯಂದಿರೆಲ್ಲಿ?" ಎಂದ.

ಹಾಳೆಯಲ್ಲಿ ಜಾಗ ಸಾಲಲಿಲ್ಲ ಎಂದೆ.

"ಮ್ಯಾಜಿಸ್ಟ್ರೇಟನೂ ಹೀಗೇ ಬರೆದದ್ದು," ಎಂದ, ಸಿಟ್ಟಿಲ್ಲದೆ.

ಇಡೀ ಕಥೆ ಕೇಳಿದ್ದವನು ನಾನು! ಕೇಳಿದ್ದು ಕಿವಿ, ಕೈ ತನ್ನ ಪಾಡಿಗೆ ತನ್ನ ಕೆಲಸ ಮಾಡಿತ್ತು. ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ. ಅವನ ತಂದೆಗೆ ಫೋನ್ ಮಾಡಿ, ಒಬ್ಬೊಬ್ಬ ತಾಯಿಯ ಹೆಸರೂ ಕೇಳಿ, ಮತ್ತೆ ಬರೆದೆವು. ಆರು ಹಾಳೆ ಆಯಿತು.

ಅರ್ಜಿ ಬಿದ್ದುಹೋಯಿತು. ಹಳೆಯ ರಿಜಿಸ್ಟರಿನಲ್ಲಿ ಆ ಪಟ್ಟದ ಹೆಂಡತಿಯ ಹೆಸರೇ ಇಲ್ಲವಂತೆ. ಅದೇ ವರ್ಷ ಮುದುಕ ತೀರಿಕೊಂಡ. ತೆಂಬಾ ಊರಿಗೆ ಹೋದವನು ಅಲ್ಲೇ ಉಳಿದ.

ಇದನ್ನೆಲ್ಲ ನೆನೆಯುತ್ತ, ನಮ್ಮ ಹಜಾರದ ಗೋಡೆಯಲ್ಲಿ ನಾನೇ ಬರೆದು ಕಟ್ಟು ಹಾಕಿಸಿದ ನಮ್ಮ ವಂಶಾವಳಿಯ ಮುಂದೆ ಹೋಗಿ ನಿಂತೆ. ನನ್ನಜ್ಜನಿಗೆ ಇಬ್ಬರು ಹೆಂಡಿರು. ಅಪ್ಪ ದೊಡ್ಡಾಕೆಯ ಮಗ, ಕಾಕಾ ಸಣ್ಣಾಕೆಯ ಮಗ. ಹಾಳೆಯಲ್ಲಿ ಕಾಕಾ ಇದ್ದಾರೆ, ಅವರನ್ನು ಹಡೆದಾಕೆ ಇಲ್ಲ. ಬರೆಯೋಣವೆಂದರೆ ಹೆಸರೇ ಗೊತ್ತಿಲ್ಲ. ನಮಗೆಲ್ಲ ಆಕೆ ಬರೀ ಸಣ್ಣಜ್ಜಿ. ಸಂಜೆ ಹುಬ್ಬಳ್ಳಿಗೆ ಫೋನ್ ಹಚ್ಚಿದೆ.

"ಕಾಕಾ, ಸಣ್ಣಜ್ಜಿ ಹೆಸರೇನಿತ್ರಿ?"

ಕಾಕಾನಿಗೆ ಎಪ್ಪತ್ತು ದಾಟಿದೆ, ಕೇಳಿಸಲೆಂದು ಜೋರಾಗಿಯೇ ಕೇಳಿದ್ದೆ.

"ಗಂಗವ್ವ," ಎಂದರು. "ನಿಮ್ಮ ಮನ್ಯಾಗ ಯಾರೂ ಕೇಳಿದ್ದಿಲ್ಲ ನೋಡಪಾ."