ಮಂಗಳಾ ನೋಡುತ್ತಿದ್ದ ಹದಿನಾಲ್ಕನೇ ಎಪಿಸೋಡು

ಮೊನ್ನೆ ಭಾನುವಾರ ಗುಂಡ್ಲುಪೇಟೆಗೆ ಹೋಗಿ ಒಂದು ಸೀರಿಯಲ್ ನೋಡಿ ಬಂದೆ. ಅವತ್ತಿನಿಂದ ಊಟ ಸೇರುತ್ತಿಲ್ಲ.

ಸೀರಿಯಲ್ ನೋಡಿ ಯಾರಾದರೂ ಊಟ ಬಿಡುತ್ತಾರಾ? ಹೋದ ವಾರದವರೆಗೆ ನಾನೂ ಹೀಗೇ ಕೇಳುತ್ತಿದ್ದೆ.

ಅದು ನನ್ನ ಗೆಳೆಯ ಮಹದೇವನ ಮನೆ. ಉಮ್ಮತ್ತೂರಿನ ಸ್ಕೂಲಲ್ಲಿ ನಮ್ಮದು ಒಂದೇ ಬೆಂಚು. ನಾನು ಚಾಮರಾಜನಗರ ಸೇರಿದೆ. ಅವನು ಗುಂಡ್ಲುಪೇಟೆಯ ಊಟಿ ರೋಡಿನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟ. ಎರಡು ವರ್ಷದ ಹಿಂದೆ ಆ ಅಂಗಡಿಯಲ್ಲೇ ಹಾರ್ಟ್ ಅಟ್ಯಾಕ್ ಆಗಿ ಹೋದ. (ಅವನದೂ ಅವನ ಹೆಂಡತಿ ಮಂಗಳಾಳದೂ ನಿಜವಾದ ಹೆಸರಲ್ಲ. ಬದಲಿಸಿದ್ದೇನೆ.)

ಅವತ್ತು ಬೆಳಿಗ್ಗೆ ಅವನು ನನಗೆ ಫೋನ್ ಮಾಡಿದ್ದ. ನಾನು ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿ ಮುಂದೆ ನಿಂತಿದ್ದೆ. ಸ್ಪೀಕರ್ ಆನ್ ಮಾಡಿದೆ.

"ಎದೆ ಹಿಡ್ಕಂಡಂಗಾಯ್ತದೆ ಕಣ್ಲಾ. ಆಸ್ಪತ್ರೆಗೆ ಓಗ್ಲಾ?"

"ಗ್ಯಾಸು ಕಣ್ಲಾ ಅದು. ಸೋಡ ಕುಡ್ದು ಸುಮ್ನೆ ಕೂತ್ಕೊ, ಸರಿಹೋಯ್ತದೆ."

"ಸರಿ ಬುಡು," ಅಂದ.

ಪೇಪರಲ್ಲಿ ಬರೆಯುವವನಿಗೆ ಎಲ್ಲ ಗೊತ್ತಿರುತ್ತೆ ಅಂತ ಅವನ ನಂಬಿಕೆ. (ನನ್ನ ನಂಬಿಕೆಯೂ ಅದೇ ಆಗಿತ್ತು.) ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಅವನ ಫೋನು ಲಾಕ್ ಆಗಿತ್ತು, ತೆಗೆಯೋದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಕರೆಯ ವಿಷಯ ನಾನೂ ಬಾಯಿ ಬಿಡಲಿಲ್ಲ.

ಭಾನುವಾರ ಹೋದಾಗ ಮಂಗಳಾ ಟಿವಿ ಮುಂದೆ ಕೂತಿದ್ದಳು. ಯಾವುದೋ ದೇಶದ ಸೀರಿಯಲ್, ಕನ್ನಡಕ್ಕೆ ಡಬ್ ಆಗಿದೆ. ಹದಿನಾಲ್ಕನೇ ಎಪಿಸೋಡು, ಮುಗಿಯೋಕೆ ಇನ್ನೆರಡೇ ಬಾಕಿ. ಕತೆ ಸರಳ. ಒಬ್ಬಳು ಲಿಫ್ಟ್ ಹತ್ತಿ ಇಳಿದರೆ ಹಳೇ ದಿನಕ್ಕೆ ಹೋಗುತ್ತಾಳೆ. ಗಂಡ ಸತ್ತ ದಿನಕ್ಕೆ ಹೋಗಬೇಕು, ಅವನನ್ನು ಉಳಿಸಬೇಕು. ಎಷ್ಟೋ ಸಲ ತಡವಾಗಿ ತಲುಪಿದ್ದಾಳೆ. ಈ ಸಲ ಸರಿಯಾದ ಹೊತ್ತಿಗೆ ಬಂದಿದ್ದಾಳೆ. ಗಂಡ ಎದುರಿಗೇ ಕೂತಿದ್ದಾನೆ. "ಏನಾಗ್ತಿದೆ ಹೇಳು" ಅಂತ ಬೇಡಿಕೊಳ್ಳುತ್ತಾಳೆ. ಅವನು "ಏನಿಲ್ಲ, ಚೆನ್ನಾಗಿದ್ದೀನಿ" ಅಂತ ನಗುತ್ತಾನೆ. ಅಷ್ಟೇ. ಅವಳು ಬರಿಗೈಲಿ ಲಿಫ್ಟ್ ಹತ್ತುತ್ತಾಳೆ.

ಮಂಗಳಾ ರಿಮೋಟ್ ಒತ್ತಿ ನಿಲ್ಲಿಸಿದಳು.

"ಇವ್ರೂ ಹಿಂಗೇ ಕಣಣ್ಣ. ನಂಗೊಂದು ಮಾತು ಹೇಳ್ಲಿಲ್ಲ. ಹಿಂದಿನ್ ದಿನ ಜಗಳ ಆಡ್ಕಂಡು ನಾನು ಕುದೇರಿಗೆ ಅಮ್ಮನ ಮನೆಗೆ ಓಗ್ಬುಟ್ಟಿದ್ದೆ. ಆ ಸಿಟ್ಟಿಗೇ ಫೋನ್ ಮಾಡ್ಲಿಲ್ಲ. ಯಾರ್ಗೂ ಹೇಳ್ದೆ, ಒಬ್ರೇ ಸೋಡ ಕುಡ್ಕಂಡು ಕೂತಿದ್ರಂತೆ."

ನಾನು ಟಿವಿ ಕಡೆ ನೋಡುತ್ತಿದ್ದೆ.

"ನಾನ್ ಮನೇಲಿದ್ದಿದ್ರೆ ಬದುಕ್ತಿದ್ರು. ನಾನೇ ಕಳ್ಕಂಡ್ಬುಟ್ಟೆ." ನನ್ನ ಕಡೆ ತಿರುಗಿ ಕೇಳಿದಳು, "ನಿಮ್ಗೇನಾದ್ರೂ ಹೇಳಿದ್ರಾ ಅಣ್ಣ?"

ಲಿಫ್ಟ್ ಬೇಕಿರಲಿಲ್ಲ. ಹಿಂದಕ್ಕೆ ಹೋಗಬೇಕಿರಲಿಲ್ಲ. "ಹೂಂ" ಅಂದಿದ್ದರೆ ಸಾಕಿತ್ತು. ಎರಡು ವರ್ಷದಿಂದ ಅವಳು ಹೊತ್ತಿರುವುದು ನನ್ನ ತಪ್ಪು. ಅದನ್ನು ಇಳಿಸಿಬಿಡಬಹುದಿತ್ತು.

"ಇಲ್ಲ ಕಣಮ್ಮ," ಅಂದೆ.

"ಅದ್ಸರಿ. ನಿಮ್ಗೆ ಹೇಳಿದ್ರೆ ನೀವು ಸುಮ್ನಿರ್ತಿದ್ರಾ? ಓಡ್ಬಂದು ಆಸ್ಪತ್ರೆಗೆ ಹಾಕ್ತಿದ್ರಿ," ಅಂದಳು. ಎದ್ದು ಹೋಗಿ ಕಾಫಿ ತಂದುಕೊಟ್ಟಳು. ಕುಡಿದೆ. ಕಾಫಿ ಚೆನ್ನಾಗಿದೆ ಅಂತಲೂ ಹೇಳಿದೆ!

ವಾಪಸ್ ಬರುವಾಗ ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ತೆರಕಣಾಂಬಿಯಲ್ಲಿ ಇಳಿದು ಹಿಂದಕ್ಕೆ ಹೋಗಿ ಎಲ್ಲ ಹೇಳಿಬಿಡೋಣ ಅನ್ನಿಸಿತು. ಬಸ್ಸು ನಿಂತಿತು. ಜನ ಇಳಿದರು, ಜನ ಹತ್ತಿದರು. ನಾನು ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಂಡು ಕೂತೇ ಇದ್ದೆ. ಈಗ ಹೇಳಿದರೆ ಆ ಮನೆಯ ಬಾಗಿಲು ನನಗೆ ಮುಚ್ಚುತ್ತದೆ. ಇಷ್ಟೇ ಭಯ.

ಮಹದೇವ ಹೋದ ಮೇಲೆ ಮಂಗಳಾ ಈ ಪೇಪರ್ ತರಿಸುವುದನ್ನು ನಿಲ್ಲಿಸಿದ್ದಾಳೆ. ಅದು ಗೊತ್ತಿದ್ದೇ ಇಷ್ಟನ್ನೂ ಇಲ್ಲಿ ಬರೆದಿದ್ದೇನೆ.