ನೇರಳೆ ಹಾಳೆಗಳು

ಯಾನ್‌ನ ಮುತ್ತಜ್ಜ ಬರೆದದ್ದೆಂದು ನಾನು ಓದಿ ಹೇಳಿದ ಕೊನೆಯ ಮಾತು ಅವನು ಬರೆದದ್ದಲ್ಲ. ನಾನು ಕಟ್ಟಿ ಹೇಳಿದ್ದು. ಹೇಳಬೇಕು, ಹೇಳಬೇಕು ಎನ್ನುತ್ತಲೇ ನಾಲ್ಕು ವರ್ಷ ಕಳೆದೆ — ಅಷ್ಟರಲ್ಲಿ ಕೇಳಬೇಕಾದವನೇ ಹೋಗಿಬಿಟ್ಟ.

ಯಾನ್ ನ್ಯೂಜಿಲೆಂಡಿನ ಈಸ್ಟ್ ತಮಾಕಿಯ ನಮ್ಮ ಫೌಂಡ್ರಿಯಲ್ಲಿ ಎರಕಕ್ಕೆ ಬೇಕಾದ ಮರದ ಅಚ್ಚು ಮಾಡುತ್ತಿದ್ದ. ಬೆಳಗಾವಿಯಿಂದ ಓದಲು ಬಂದ ನಾನು ಅಲ್ಲಿ ಇಂಜಿನಿಯರ್ ಆಗಿ ಸೇರಿದಾಗ ಅವನಿಗೆ ಎಪ್ಪತ್ತು ದಾಟಿತ್ತು. ಕಣ್ಣಿನ ನಡುವಿನ ನೋಟ ಹೋಗಿ ಅಂಚಿನಲ್ಲಷ್ಟೇ ಮಸುಕಾಗಿ ಕಾಣುತ್ತಿತ್ತು. ಆದರೂ ಹೆಬ್ಬೆರಳು ಸವರಿ ಅರ್ಧ ಮಿಲಿಮೀಟರ್ ತಪ್ಪು ಹಿಡಿಯುತ್ತಿದ್ದ. ಆ ತಪ್ಪು ನನ್ನ ಡ್ರಾಯಿಂಗ್‌ನದಾದರೆ ಅವನಿಗೆ ಅವತ್ತು ಹಬ್ಬ.

ಅವನ ಬಳಿ ಮುತ್ತಜ್ಜನ ನೋಟ್‌ಬುಕ್ ಇತ್ತು. ಮುತ್ತಜ್ಜ ಬೊಹೀಮಿಯದ ಒಬ್ಬ ಕಮ್ಮಾರನ ಮಗ. ಪ್ರಾಗ್‌ನಲ್ಲಿ ಇಂಜಿನಿಯರಿಂಗ್ ಕಲಿತು, ಸಕ್ಕರೆ ಕಾರ್ಖಾನೆಗಳಿಗೆ ಪಂಪು, ಉಗಿಯಂತ್ರ ಮಾಡಿಕೊಡುತ್ತ ತನ್ನದೇ ದೊಡ್ಡ ಕಾರ್ಖಾನೆ ಕಟ್ಟಿದವನು. ಅವನ ಕಿರಿಯ ಮಗ ಜಗಳವಾಡಿ ಹಡಗು ಹತ್ತಿ ನ್ಯೂಜಿಲೆಂಡಿಗೆ ಬಂದ — ಅವನೇ ಯಾನ್‌ನ ಅಜ್ಜ. ಎಷ್ಟೋ ವರ್ಷದ ಮೇಲೆ, ಅಪ್ಪ ಸತ್ತ ಸುದ್ದಿಯ ಹಿಂದೆಯೇ, ಈ ನೋಟ್‌ಬುಕ್ ಪಾರ್ಸೆಲ್‌ನಲ್ಲಿ ಬಂತಂತೆ. ಜೊತೆಗೊಂದು ಪತ್ರವೂ ಇಲ್ಲ. ಅಜ್ಜ ಹಠಕ್ಕೆ ಬಿದ್ದು ಕಟ್ಟನ್ನೇ ಬಿಚ್ಚಲಿಲ್ಲ. ಮುಂದಿನವರಿಗೆ ಚೆಕ್ ಭಾಷೆ ಬರಲಿಲ್ಲ.

“ಮುದುಕ ಮಗನನ್ನು ಕ್ಷಮಿಸಿದನೋ ಇಲ್ಲವೋ — ಅಷ್ಟು ಗೊತ್ತಾದರೆ ಸಾಕು ನನಗೆ,” ಎನ್ನುತ್ತಿದ್ದ ಯಾನ್.

ಹತ್ತು ಗಂಟೆಯ ಚಹಾ ವಿರಾಮದಲ್ಲಿ ನಾನು ಒಂದು ಪುಟದ ಫೋಟೋ ತೆಗೆದು, ಫೋನಿನಲ್ಲೇ ಇಂಗ್ಲಿಷಿಗೆ ತಿರುಗಿಸಿ ಓದಿ ಹೇಳುವುದು. ದಿನಕ್ಕೊಂದೇ ಪುಟ, ಅದು ಅವನ ಕಟ್ಟುನಿಟ್ಟು. ಮುತ್ತಜ್ಜ ದಿನವೂ ಬರೆದದ್ದನ್ನು ನಾವೂ ದಿನವೂ ಓದಬೇಕು, ಮುಂದಕ್ಕೆ ಓಡಬಾರದು. ಬಾಯ್ಲರ್ ಒಡೆದದ್ದು, ಎರಕ ಕೆಟ್ಟದ್ದು, ಹೆಂಡತಿಯ ಕಾಯಿಲೆ — ಎಲ್ಲ ಬರುತ್ತಿತ್ತು, ಮಗನ ಹೆಸರೊಂದನ್ನು ಬಿಟ್ಟು. ಇನ್ನು ಹನ್ನೊಂದೇ ಪುಟ ಉಳಿದಿದ್ದವು.

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮ ಕಡೆ ಖಂಡೆ ಪೂಜೆಯ ದಿನ ದುಡಿಯುವ ಉಪಕರಣಗಳನ್ನೆಲ್ಲ ದೇವರ ಮುಂದಿಡುತ್ತೇವೆ. ನನ್ನಪ್ಪ ಲೇತ್‌ಗೂ ಹಾರ ಹಾಕುತ್ತಿದ್ದ. ಈ ನೋಟ್‌ಬುಕ್ಕನ್ನೂ ಇಡಲೇ ಎಂದು ಕೇಳಿದೆ. ಯಾನ್‌ಗೆ ಖುಷಿಯೋ ಖುಷಿ. “ಸ್ವೀಟ್ ಆಸ್! ಬಹಳ ಚೆನ್ನಾಯಿತು! ಮುದುಕನಿಗೆ ಇಂಥ ಮರ್ಯಾದೆ ಯಾರು ಮಾಡಿದ್ದಾರೆ?” ಎಂದು ತಾನೇ ಬಟ್ಟೆಯಲ್ಲಿ ಸುತ್ತಿಕೊಟ್ಟ.

ಹೆಂಡರ್ಸನ್ ಬಡಾವಣೆಯ ನಮ್ಮ ಮನೆಯಲ್ಲಿ ಘಟಸ್ಥಾಪನೆಗೆ ಗಿಡ ಮಾರುವ ಅಂಗಡಿಯಿಂದ ಮಣ್ಣಿನ ಕುಂಡ ತಂದಿದ್ದೆ. ತಳದ ತೂತನ್ನು ನಾನೇ ಮುಚ್ಚಿ, ಕಾಳು ಬಿತ್ತಿ, ದಿನವೂ ನೀರು ಹನಿಸುತ್ತಿದ್ದೆ. ಖಂಡೆ ಪೂಜೆಯ ದಿನ ನೋಟ್‌ಬುಕ್ಕಿಗೆ ಕುಂಕುಮವಿಟ್ಟು ಆ ಕುಂಡಕ್ಕೇ ಒರಗಿಸಿದೆ. ದಿನವಿಡೀ ಪಂಪು, ಸೀಲು ಎಂದು ಬಾಯಿ ಬಡಿದುಕೊಳ್ಳುವ ಇಂಜಿನಿಯರಮ್ಮನ ಕುಂಡ ಸೋರಿತ್ತು. ದಶಮಿಯ ಬೆಳಿಗ್ಗೆ ಎತ್ತಿದಾಗ ಓದದೆ ಉಳಿದಿದ್ದ ಕೊನೆಯ ಹಾಳೆಗಳೆಲ್ಲ ನೆನೆದಿದ್ದವು. ಮುತ್ತಜ್ಜ ಬರೆದದ್ದು ನೀರು ತಾಕಿದರೆ ಬಣ್ಣ ಬಿಡುವ ಹಳೆಯ ಕಾಲದ ಪೆನ್ಸಿಲ್ಲಿನಲ್ಲಂತೆ. ಒಂದಕ್ಷರವೂ ಉಳಿಯದೆ ಎಲ್ಲ ನೇರಳೆಯಾಗಿ ಹರಡಿತ್ತು.

ನನ್ನ ಗಂಡ ಅಂದೇ ಹೇಳಿದ: “ಹೇಳಿಬಿಡ. ಬೈದ್ರ ಬೈತಾನ, ಅಷ್ಟ ಹೌದಿಲ್ಲೋ? ಮುಚ್ಚಿಟ್ಟಿ ಅಂದ್ರ ನಿನಗ ನಿದ್ದಿ ಹತ್ತೂದಿಲ್ಲ ನೋಡು.”

ಹೇಳಲೆಂದೇ ಹೋದೆ. ಯಾನ್ ನನ್ನ ಕುರ್ಚಿಯನ್ನು ಎಳೆದಿಟ್ಟುಕೊಂಡು ಕಾಯುತ್ತಿದ್ದ. “ಮುದುಕ ಇವತ್ತು ಏನಂತಾನೆ?” ಎಂದ. ನಾನು — ಅಕ್ಷರ ಅಳಿಸಿದ ಹಾಳೆ ನೋಡುತ್ತ ಓದತೊಡಗಿದೆ.

ಹನ್ನೊಂದು ದಿನ ಹಾಗೆ ಓದಿದೆ. ಮೊದಮೊದಲು ಪಂಪಿನ ಅಳತೆಗಳನ್ನೇ ಹುಟ್ಟಿಸಿ ಹೇಳಿದೆ. “ಅಷ್ಟು ದಪ್ಪದ ವಾಲ್ವಾ? ಮುದುಕನಿಗೆ ತಲೆ ಕೆಟ್ಟಿತ್ತೇನು?” ಎಂದು ನಕ್ಕ. ಅಳತೆಯ ಸುಳ್ಳು ಅವನ ಕೈಗೆ ಸಿಕ್ಕಿತ್ತು. ಕೊನೆಯ ದಿನದ್ದು ಸಿಗಲಿಲ್ಲ. ಅವತ್ತು ಹೀಗೆ ಓದಿದೆ: “ಕಿಟಕಿ ಪಕ್ಕದ ಲೇತ್ ಯಾರಿಗೂ ಕೊಟ್ಟಿಲ್ಲ ಮಗೂ. ಬಂದಾಗ ನೀನೇ ಚಾಲೂ ಮಾಡು.”

ಈ ಮಾತು ಎಲ್ಲಿಂದ ಬಂತೆಂದು ನನಗೆ ಗೊತ್ತು. ನಾನು ಊರು ಬಿಟ್ಟ ದಿನ ಅಪ್ಪ ವರ್ಕ್‌ಶಾಪಿನಿಂದ ಹೊರಗೆ ಬರಲಿಲ್ಲ; ಮಷೀನು ಓಡುತ್ತಲೇ ಇತ್ತು. ಆಮೇಲೆ ಫೋನಿನಲ್ಲಿ ಅಲ್ಲಿ ಚಳಿಯೇ ಎಂದಷ್ಟೇ ಕೇಳುತ್ತಿದ್ದ. ಅಪ್ಪ ಇಂಥದ್ದೊಂದು ಮಾತು ಹೇಳಲೆಂದು ಎಷ್ಟು ಕಾದೆ — ಈಗಲೂ, ಅವನು ಹೋಗಿ ಇಷ್ಟು ವರ್ಷವಾದರೂ, ಫೋನ್ ಬಂದರೆ ಒಂದು ಕ್ಷಣ... ನನಗೆ ಬೇಕಾಗಿದ್ದ ಮಾತನ್ನು ನಾನು ಇನ್ನೊಬ್ಬರ ಅಪ್ಪನ ಬಾಯಲ್ಲಿ ಆಡಿಸಿದೆ.

ಯಾನ್ ನೋಟ್‌ಬುಕ್ ತೆಗೆದುಕೊಂಡು ಆ ಹಾಳೆಯ ಮೇಲೆ ಹೆಬ್ಬೆರಳು ಸವರಿದ. ಒಣಗಿ ಉಬ್ಬಿದ್ದ ಕಾಗದದ ಮೇಲೆ ಬೆರಳು ನಿಂತಿತು. ಸಿಕ್ಕಿಬಿದ್ದೆ ಎಂದುಕೊಂಡೆ, ಸಿಕ್ಕಿಬಿದ್ದರೆ ಸಾಕು ಎಂದೂ ಅನ್ನಿಸಿತು.

“ಒದ್ದೆಯಾಗಿತ್ತು ಇದು,” ಎಂದ. “ಬರೆಯುವಾಗ ಅತ್ತಿದ್ದಾನೆ, ಅಲ್ಲವಾ?”

“ಹೌದು,” ಎಂದೆ ನಾನು.

ಹನ್ನೊಂದು ದಿನದ ಸುಳ್ಳಿಗಿಂತ ಆ ಒಂದು ‘ಹೌದು’ ನನ್ನನ್ನು ಹೆಚ್ಚು ಸುಡುತ್ತದೆ.

ಈ ಚಳಿಗಾಲದಲ್ಲಿ ಯಾನ್ ತೀರಿಕೊಂಡ. ಕಳೆದ ವಾರ ಟೌರಂಗಾದಿಂದ ಅವನ ಮಗಳು ಹಾನಾ ಫೋನ್ ಮಾಡಿದ್ದಳು. “ಅಪ್ಪನ ಸಮಾಧಿ ಕಲ್ಲಿನ ಮೇಲೆ ಆ ಲೇತ್‌ನ ಮಾತು ಕೆತ್ತಿಸ್ತಿದೀನಿ. ಚೆಕ್ ಭಾಷೇಲೇ ಇರಬೇಕು. ನೋಟ್‌ಬುಕ್ಕಲ್ಲಿ ಆ ಪುಟ ಅಪ್ಪ ಹೇಳ್ತಿದ್ದ ಹಾಗೆ ಕಣ್ಣೀರಲ್ಲಿ ಅಳಿಸಿಹೋಗಿದೆ ನೋಡು, ನನಗೆ ಓದೋಕಾಗ್ತಿಲ್ಲ. ನೀನು ಓದಿದ್ದೀಯಲ್ಲ, ನಿನ್ನ ಫೋನಲ್ಲಿ ಫೋಟೋ ಇದ್ದೇ ಇರುತ್ತಲ್ಲ?” ಹುಡುಕುತ್ತೇನೆ ಎಂದೆ.

ಹುಡುಕಲು ಏನಿದೆ? ನನ್ನ ಮಾತನ್ನೇ ಫೋನಿಗೆ ಹಾಕಿದೆ. ಎರಡು ಕ್ಷಣದಲ್ಲಿ ಅಚ್ಚುಕಟ್ಟಾದ ಚೆಕ್ ವಾಕ್ಯ ಬಂತು. ಕಳಿಸುವ ಗುಂಡಿಯ ಮೇಲೆ ಬೆರಳೂ ಇಟ್ಟಿದ್ದೆ. ಆಮೇಲೆ ಅಳಿಸಿದೆ.

ಶನಿವಾರ ಟೌರಂಗಾಕ್ಕೆ ಹೋಗುತ್ತಿದ್ದೇನೆ, ಎದುರಿಗೆ ಕೂತು ಹೇಳಲು. ಅಲ್ಲಿ ಮತ್ತೆ ನಾಲಿಗೆ ತಿರುಗದಿದ್ದರೆ — ನನ್ನನ್ನು ನಾನು ಬಲ್ಲೆ — ಈಗ ಬರೆಯುತ್ತಿರುವ ಇದೇ ಕಾಗದವನ್ನು ಇಂಗ್ಲಿಷಿನಲ್ಲಿ ಬರೆದು ಅವಳ ಕೈಗಿಡುತ್ತೇನೆ. ಹಾನಾ, ಕಲ್ಲು ಕೆತ್ತುವವನಿಗೆ ತಡೆಯಲು ಹೇಳು. ಆ ಹಾಳೆಯ ಮೇಲಿರುವುದು ಕಣ್ಣೀರಲ್ಲ, ನನ್ನ ಕುಂಡದ ನೀರು. ನಿಮ್ಮ ಮುದುಕ ಮಗನಿಗೆ ಕೊನೆಗೆ ಏನು ಬರೆದಿದ್ದನೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಅದನ್ನು ತೊಳೆದುಹಾಕಿದವಳು ನಾನು.